ಇಳಿತದ ಹೊತ್ತಿಗೆ ಎಣಿಸಿ

ಮಾರ್ಚ್ ತಿಂಗಳ ಶುಕ್ರವಾರ ಸಂಜೆ. ಗದಗಿನ ಕಡೆಯಿಂದ ಪರದೇಶಕ್ಕೆ ಬಂದು ನೆಲೆಸಿದ ಎಂಜಿನಿಯರ್ ನರಸಿಂಹ ಆಲ್ಬನಿಯ ಆಫೀಸಿನಿಂದ ಮರಳಿ ಹಿಲ್ಸ್‌ಬರೋದ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತಿದ್ದ. ಚೀನಾದ ಕಡಲ ದಂಡೆಯಲ್ಲಿ ಹೊಸ ರೈಲು ಮಾರ್ಗ. ಹದಿನಾಲ್ಕು ಕಿಲೋಮೀಟರ್ ಮಣ್ಣಿನ ಏರಿ. ಅದರ ನಕ್ಷೆ, ವರದಿ ಎಲ್ಲ ನೋಡಿ "ಸರಿಯಿದೆ" ಎಂದು ಸಹಿ ಹಾಕುವ ಕೆಲಸ ಅವನದು. ಸೋಮವಾರ ಬೆಳಿಗ್ಗೆ ಕೊಡಬೇಕು. ಸೇರಿ ಎರಡೇ ತಿಂಗಳು, ತೊಂಬತ್ತು ದಿನದ ಟ್ರಯಲ್ ಇನ್ನೂ ಮುಗಿದಿಲ್ಲ. ಅಷ್ಟರೊಳಗೆ "ನಾಳೆಯಿಂದ ಬರಬೇಡ" ಎಂದರೆ ಎದ್ದು ಬರಬೇಕು, ಅಷ್ಟೆ.

ಪಕ್ಕದ ಮನೆಯ ಅನುರಾಧಾ ಮಿಕ್ಸಿ ಜಾರ್ ವಾಪಸ್ ಕೊಡಲು ಬಂದರು. ಕುಮಟಾ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಕ್ಕರೆ ಕಡಲ ಹಕ್ಕಿ ಎಣಿಸುವವರ ಜೊತೆ ಹೊರಟುಬಿಡುತ್ತಾರೆ.

"ನೋಡ್ರಿ ಅಕ್ಕಾರ, ರೈಲಂದ್ರ ಇದು!" ನರಸಿಂಹ ಪರದೆ ತಿರುಗಿಸಿದ. "ನಮ್ಮ ಗದಗಿನ ಕಡೆ ಒಂದು ರೈಲ್ವೆ ಗೇಟ್ ತೆಗಸಾಕ ಮೂರು ಎಲೆಕ್ಷನ್ ಬೇಕು. ಇವರು ಎರಡು ವರ್ಷದಾಗ ಹಳಿ ಹಾಕಿ ಒಗೀತಾರ."

"ಒಳ್ಳೇದೇ ಅಲ್ದಾ? ಕೊಂಕಣ ರೈಲು ಬಂದ ಮೇಲೇ ನನ್ನಪ್ಪನ್ನ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗೂಕೆ ಸುಲಭ ಆದದ್ದು. ಈ ಏರಿ ಎಲ್ಲಿ ಬರ್ತದೆ?"

"ದಂಡಿ ಮ್ಯಾಲ. ಖಾಲಿ ಜಾಗ. ಹಕ್ಕಿ ಸೊನ್ನಿ, ಬಾಧಿತ ಕುಟುಂಬ ಸೊನ್ನಿ. ವರದಿಯಾಗ ಬರದಾರ. ಫೋಟೋನೂ ಐತಿ."

ಫೋಟೋದಲ್ಲಿ ಬರೀ ನೀರು.

"ಯಾವ ಹೊತ್ತಲ್ಲಿ ತೆಗ್ದದ್ದು?"

"ಹನ್ನೊಂದು ಗಂಟಿಗೆ."

"ಗಡಿಯಾರದ ಹೊತ್ತು ಯಾರು ಕೇಳ್ದ್ರು ತಮ್ಮಾ? ಉಬ್ಬರವೋ, ಇಳಿತವೋ?"

ನರಸಿಂಹ ಕಣ್ಣು ಕಣ್ಣು ಬಿಟ್ಟ. ಮೊದಲ ಸಲ ಸಮುದ್ರದ ಮುಖ ನೋಡುವಾಗ ಅವನಿಗೆ ಇಪ್ಪತ್ತೆರಡು ವರ್ಷ. ಅವನ ಲೆಕ್ಕದಲ್ಲಿ ಸಮುದ್ರವೆಂದರೆ ಆಚೆ ದಡ ಕಾಣದ ಕೆರೆ. ನೀರು ಏರುತ್ತದೆ, ಇಳಿಯುತ್ತದೆ ಎಂದು ಪರೀಕ್ಷೆಗೆ ಬರೆದಿದ್ದ, ಹಾಲ್‌ನಿಂದ ಹೊರಗೆ ಬಂದು ಮರೆತಿದ್ದ.

ಹೆಂಡತಿ ಅಂಬುಜಾ ಒಳಗಿಂದಲೇ ಕೂಗಿದಳು. "ಅಕ್ಕಾರ, ಇವರ ತಲ್ಯಾಗ ಹುಳ ಬಿಡಬ್ಯಾಡ್ರಿ. ಚೀನಾದಾಗ ರೈಲು ಬಂದ್ರ ಹಿಲ್ಸ್‌ಬರೋದಾಗ ನಮಗೇನ್ರಿ? ಟ್ರಯಲ್ ಮುಗೀಲಿ, ಆಮ್ಯಾಲ ಹಕ್ಕಿ ಪಕ್ಕಿ."

"ನಾಳೆ ಇಬ್ರೂ ನನ್ನ ಜೊತೆ ಬನ್ನಿ," ಎಂದರು ಅನುರಾಧಾ. "ಎರಡು ಸಲ."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಹತ್ತಿರದ ಮಾನುಕಾವ್ ಕೊಲ್ಲಿಯ ದಂಡೆಯಲ್ಲಿದ್ದರು. ನೀರು ಕಲ್ಲಿನ ತನಕ ತುಂಬಿ ನಿಂತಿತ್ತು.

"ಎಲ್ಲೆ ಅದಾವ್ರಿ ನಿಮ್ಮ ಹಕ್ಕಿ? ರಜಾ ಹಾಕ್ಯಾವೇನು?" ನರಸಿಂಹ ನಕ್ಕ.

ಮಧ್ಯಾಹ್ನ ಮೂರಕ್ಕೆ ಅದೇ ಕಲ್ಲಿನ ಬಳಿ ಬಂದರೆ ಸಮುದ್ರವೇ ಇಲ್ಲ! ಕಣ್ಣು ಹಾಯುವಷ್ಟು ದೂರ ಕೆಸರು, ಕೆಸರಿನ ತುಂಬ ಹಕ್ಕಿ. ಉದ್ದ ಕೊಕ್ಕನ್ನು ಬುಡದ ತನಕ ಊರಿ ಹುಳ ಎಳೆದು ನುಂಗುತ್ತಿದ್ದವು. ಅಂಬುಜಾ ಎಣಿಸುತ್ತ ಹೋಗಿ ಮುನ್ನೂರಕ್ಕೆ ಸೋತಳು.

"ಇವು ಗಾಡ್‌ವಿಟ್. ಇಲ್ಲಿಯ ಮಾವೊರಿ ಜನ ಕುವಾಕಾ ಅಂತಾರೆ," ಎಂದರು ಅನುರಾಧಾ. "ಈ ತಿಂಗಳು ಹಾರ್ತವೆ. ಹತ್ತು ಸಾವಿರ ಕಿಲೋಮೀಟರ್. ನಡುವೆ ಇಳಿಯೂದಿಲ್ಲ, ತಿನ್ನೂದಿಲ್ಲ. ಇಳಿಯೂದು ಎಲ್ಲಿ ಗೊತ್ತುಂಟಾ? ಚೀನಾ, ಕೊರಿಯಾದ ಇಂಥದೇ ಕೆಸರಲ್ಲಿ. ಮೂಳೆ ಚರ್ಮ ಆಗಿರ್ತವೆ. ಅಲ್ಲಿ ಹೊಟ್ಟೆ ತುಂಬಿದ್ರೆ ಮಾತ್ರ ಅಲಾಸ್ಕಾಕ್ಕೆ ಹೋಗಿ ಮೊಟ್ಟೆ ಇಡೂದು. ನಿಂಗಳ ಏರಿ ಆ ಊಟದ ಎಲೆ ಮೇಲೇ ಬಂದ್ರೆ?"

"ಮತ್ತ ಸೊನ್ನಿ ಅಂತ ಯಾಕ ಬರದಾರ್ರಿ?"

"ಬೆಳಿಗ್ಗೆ ನೀನು ಎಷ್ಟು ಬರೀತಿದ್ದೆ?"

ನರಸಿಂಹನಿಗೆ ಕೆನ್ನೆಗೆ ಬಾರಿಸಿದಂತಾಯಿತು.

"ಮನೆ ಇಲ್ಲ, ಹಂಗಾರೆ ಬಾಧೆ ಇಲ್ಲ ಅಂತ ಬರ್ದದ್ದೂ ಸುಳ್ಳೇ," ಎಂದು ಅನುರಾಧಾ ಮುಂದುವರಿಸಿದರು. "ನನ್ನ ಅತ್ತೆ ಇಳಿತಕ್ಕೆ ಅಳಿವೆಗೆ ಇಳ್ದು ಬಳಚು ಹೆಕ್ತಿದ್ರು. ಆ ಚಿಪ್ಪಿನ ಮಾಂಸ ಮಾರಿ ನಾಲ್ಕು ಮಕ್ಕಳನ್ನ ಓದ್ಸಿದ್ರು. ಅವರ ಮನೆ ದಂಡೆ ಮೇಲೆ, ಹೊಲ ನೀರಿನ ಕೆಳಗೆ. ಯಾವ ಸರ್ವೆಯವನಿಗೆ ಕಾಣ್ತದೆ ಆ ಹೊಲ?"

ಮನೆಗೆ ಬಂದವನೇ ನರಸಿಂಹ ಸಮೀಕ್ಷೆಯ ಹೊತ್ತುಗಳನ್ನು ಆ ದಂಡೆಯ ಉಬ್ಬರ ಇಳಿತದ ಪಟ್ಟಿಗೆ ಹೋಲಿಸಿದ, ಎಲ್ಲವೂ ಉಬ್ಬರವೇ. ಆಮೇಲೆ ಹಳೆಯ ನಕ್ಷೆ ತೆರೆದ. ದಂಡೆಯ ಹಳ್ಳಿಯಿಂದ ಹೊರಟು ಕೆಸರಿನ ನಡುವೆ ನಿಂತುಹೋಗುವ ಮೂರು ಚುಕ್ಕೆ ಗೆರೆಗಳು. ಎಲ್ಲಿಗೂ ಹೋಗದ ದಾರಿ ಯಾರಿಗೆ ಬೇಕು ಎಂದು ಹೋದ ವಾರ ತಾನೇ ಅವನ್ನು ಅಳಿಸಿ ನಕ್ಷೆ ಚೊಕ್ಕ ಮಾಡಿದ್ದ. ಅವು ಚಿಪ್ಪು ಹೆಕ್ಕುವವರು ದಿನಾ ನಡೆಯುವ ಹಾದಿಗಳು! ಏರಿ ಅವನ್ನು ಗೋಡೆಯಂತೆ ಕಡಿಯುತ್ತಿತ್ತು.

"ಅಂಬೂ, ಈ ಹಾದಿ ನಾನ ಅಳಿಸೀನಿ. ನಾ ಸಹಿ ಹಾಕಂಗಿಲ್ಲ. ಕೆಲಸ ಹೋಗಬಹುದು."

ಅಂಬುಜಾ ಕುರ್ಚಿ ಎಳೆದು ಕೂತು ಆ ಚುಕ್ಕೆ ಗೆರೆಗಳನ್ನು ನೋಡಿದಳು. ಆಮೇಲೆ ಹೇಳಿದಳು: "ಅಳಿಸಿದವರು ನೀವು. ಮೊದಲ ಆ ಹಾದಿ ವಾಪಸ್ ಹಾಕ್ರಿ. ಕೆಲಸ ಹೋದ್ರ ಇನ್ನೊಂದು ಹುಡುಕೂಣು. ಹೆದರಿ ಹಾಕಿದ ಸಹಿ ಮಾತ್ರ ವಾಪಸ್ ಬರಂಗಿಲ್ಲ."

ಸೋಮವಾರ ಮ್ಯಾನೇಜರ್ ಗ್ರೇಮ್ ಹಾಳೆ ಓದಿ ಕೆಂಪಗಾದ. ಸಹಿಯ ಜಾಗದಲ್ಲಿ ನರಸಿಂಹ ನಾಲ್ಕು ಸಾಲು ಬರೆದಿದ್ದ: ಸಮೀಕ್ಷೆ ಪೂರ್ತಿ ಉಬ್ಬರದಲ್ಲಿ ನಡೆದಿದೆ. ಇಳಿತದಲ್ಲಿ ಮತ್ತೆ ಎಣಿಸಬೇಕು. ಚಿಪ್ಪು ಹೆಕ್ಕುವವರನ್ನು ಕೇಳಬೇಕು. ಏರಿಯ ಬದಲು ಕಂಬದ ಮೇಲೆ ಹಳಿ ಸಾಧ್ಯವೇ ನೋಡಬೇಕು.

"ನಿನ್ನ ಕೆಲಸ ಮಣ್ಣಿನದು, ಹಕ್ಕಿಯದಲ್ಲ, ಮೇಟ್."

"ಮಣ್ಣಿನದೇ. ಆ ಮಣ್ಣಲ್ಲಿ ಯಾರು ಉಣ್ಣುತ್ತಾರೆ ಅಂತ ನೋಡದೆ ಸಹಿ ಹಾಕಲ್ಲ."

ಎರಡು ದಿನ ಗ್ರೇಮ್ ಇವನ ಮುಖ ನೋಡಲಿಲ್ಲ. ಮೂರನೆಯ ದಿನ ಆ ನಾಲ್ಕು ಸಾಲನ್ನು ಹಾಗೆಯೇ ಚೀನಾಕ್ಕೆ ಕಳಿಸಿದ. ಎರಡು ವಾರ ಇಳಿತದಲ್ಲಿ ಎಣಿಸುತ್ತೇವೆ, ಹಳ್ಳಿಯವರನ್ನೂ ಕೇಳುತ್ತೇವೆ ಎಂದು ಅಲ್ಲಿಂದ ಉತ್ತರ ಬಂತು. ಏರಿಯೋ ಕಂಬವೋ, ಇನ್ನೂ ತೀರ್ಮಾನವಾಗಿಲ್ಲ. ನರಸಿಂಹನ ಟ್ರಯಲ್ ಕೂಡ ಮುಗಿದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ರೈಲು ಬೇಡ ಎಂದು ಯಾರೂ ಹೇಳುತ್ತಿಲ್ಲ. ರೈಲು ಬರಲಿ, ಜನ ಓಡಾಡಲಿ. ಆದರೆ ನೋಡದೆ "ಸೊನ್ನೆ" ಎಂದು ಬರೆಯುವ ಕೈ ಇದೆಯಲ್ಲ, ಆ ಕೈ ಹಿಡಿಯಿರಿ! ಆಫೀಸಿನಲ್ಲಿ ನಿಮ್ಮ ಮುಂದೆ ಇಂಥ ಹಾಳೆ ಬಂದರೆ "ಯಾವ ಹೊತ್ತಲ್ಲಿ ನೋಡಿ ಬರೆದದ್ದು?" ಎಂದು ತಿರುಗಿಸಿ ಕೇಳಿ. "ಇವನ್ಯಾರು ಕೇಳುವುದಕ್ಕೆ" ಎಂದರೆ ಇನ್ನೊಂದು ಸಲ ಕೇಳಿ. ನೀವು ಆಫೀಸಿನಲ್ಲಿ ಕೆಲಸ ಮಾಡುವವರಲ್ಲ ಎನ್ನುತ್ತೀರಾ? ಹಾಗಾದರೆ ಮಾನುಕಾವ್ ದಂಡೆಗೆ ಬನ್ನಿ. ನಿಮ್ಮ ನಾಯಿಯನ್ನು ಹಗ್ಗದಲ್ಲಿ ಹಿಡಿಯಿರಿ, ಹಾರಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಯನ್ನು ಓಡಿಸಬೇಡಿ. ಕೆಲವು ಹಕ್ಕಿಗಳ ಕಾಲಿಗೆ ಗುರುತಿಗಾಗಿ ಕಟ್ಟಿದ ಬಿಳಿ ಪಟ್ಟಿ ಇರುತ್ತದೆ, ಅದರ ಮೇಲೆ ಅಕ್ಷರ ಇರುತ್ತದೆ. ಆ ಅಕ್ಷರ, ದಿನ, ಜಾಗ ಬರೆದು ಹಕ್ಕಿ ಎಣಿಸುವವರಿಗೆ ಕಳಿಸಿ. ಅದೇ ಅಕ್ಷರ ನಾಳೆ ಚೀನಾದ ಕೆಸರಿನಲ್ಲಿ ಕಂಡರೆ, ಅಲ್ಲಿ ಖಾಲಿ ಜಾಗ ಎಂದು ಬರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಈ ಶನಿವಾರವೇ ಬನ್ನಿ. ಹಕ್ಕಿಗಳು ಹೊರಟು ನಿಂತಿವೆ.