ದಿನಾಂಕ ಖಾಲಿ ಬಿಟ್ಟ ಪೋಸ್ಟರು

ಹಗ್ಗ ನೆಲಕ್ಕೆ ಬಡಿಯುವ ಸದ್ದು ಒಮ್ಮೆ ತಪ್ಪಿತು, ಎಡಗಾಲು, ಯಾವಾಗಲೂ ಎಡಗಾಲೇ, ಮತ್ತೆ ತಾಳ ಹಿಡಿಯಿತು, ಟಪ್ ಟಪ್ ಟಪ್ — ಜೋಕಿಮ್ ಕಣ್ಣು ಬಿಡಬೇಕಾಗಿಲ್ಲ, ಐವತ್ತೆಂಟರ ಕಣ್ಣಿಗಿಂತ ಐವತ್ತೆಂಟರ ಕಿವಿ ವಾಸಿ, ಮೋಕ್ಷಾ ಇವತ್ತು ಸಿಟ್ಟಿನಲ್ಲಿ ಹಾರುತ್ತಿದ್ದಾಳೆ ಎಂದು ಹಗ್ಗವೇ ಚಾಡಿ ಹೇಳುತ್ತದೆ, ಸಿಟ್ಟು ಮತ್ಯಾರ ಮೇಲೆ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ಈ ಕೋಚ್ ಮೇಲೆಯೇ. ನಾಲ್ಕೂವರೆ ಆಗಿರಬೇಕು, ಕೆಳಗಿನ ಅಂಗಡಿಯವನು ಒಣಮೀನಿನ ಗೋಣಿ ಒಳಗೆ ಎಳೆಯುತ್ತಿದ್ದಾನೆ, ವಾಸನೆ ಮೆಟ್ಟಿಲು ಹತ್ತಿ ಬರುತ್ತಿದೆ, ಐದಕ್ಕೆ ಅಕ್ಷಿತ್‌ನ ಫೋನು. ಮಣಿಪಾಲದಲ್ಲಿ ಜಿಮ್ ಇಟ್ಟವನು ಅಕ್ಷಿತ್, ಬಾಕ್ಸಿಂಗ್ ಪಂದ್ಯ ಏರ್ಪಡಿಸುವವನು, ಮಾತಿಗೆ ಬೆಣ್ಣೆ ಹಚ್ಚುವವನು, ಮೊನ್ನೆಯೇ ಹೇಳಿದ್ದ, ಸರ್, ಈ ತಿಂಗಳ ಇಪ್ಪತ್ತನೇ ತಾರೀಕಿಗೆ ಒಂದು ಜೋಡಿ ತಪ್ಪಿ ಹೋಯಿತು, ಜಾಗ ಉಂಟು, ನಿಮ್ಮ ಮೋಕ್ಷಾ ಮತ್ತು ಕಾರ್ಕಳದ ಶಾರ್ಲೆಟ್ ಆಡುವುದಾದರೆ ಆಡಲಿ, ಆದರೆ ನನ್ನನ್ನು ಕೇಳಿದರೆ ಏಪ್ರಿಲಿಗೆ ಇಡುವ, ಆರು ತಿಂಗಳು ವಿಡಿಯೋ ಬಿಡುವ, ಅವಳು ಇವಳಿಗೆ ಬೈಯಲಿ, ಇವಳು ಅವಳಿಗೆ ಬೈಯಲಿ, ಈಗ ಆಡಿದರೆ ಇನ್ನೂರು ಜನ, ಕಾದರೆ ಎರಡು ಸಾವಿರ, ಕೊನೆಯ ಮಾತು ನಿಮ್ಮದು ಸರ್. ಕೊನೆಯ ಮಾತು ಜೋಕಿಮ್‌ನದು, ಯಾಕೆಂದರೆ ಶಾರ್ಲೆಟ್ ಇಪ್ಪತ್ತಕ್ಕೆ ಆಗಲೇ ಹೌದು ಎಂದಿದ್ದಾಳೆ, ಜನವರಿಯಲ್ಲಿ ರೈಲ್ವೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುವವಳು, ಏಪ್ರಿಲಿಗಾದರೂ ಬರುತ್ತೇನೆ ಎಂದು ಬಾಯಲ್ಲಿ ಹೇಳುತ್ತಾಳೆ, ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಮೋಕ್ಷಾ ನಿನ್ನೆಯೇ ಎದುರು ಬಂದು ನಿಂತಿದ್ದಳು, ಸರ್, ಜಿಲ್ಲೆಯಲ್ಲಿ ಅವಳಾ ನಾನಾ ಅಂತ ನನಗೆ ಗೊತ್ತಾಗಬೇಕು, ಅಷ್ಟೇ. ಅಷ್ಟೇ ಅಂತೆ, ಹತ್ತೊಂಬತ್ತು ವರ್ಷದವರಿಗೆ ಎಲ್ಲವೂ ಅಷ್ಟೇ.

ಹೆದ್ದಾರಿಯಲ್ಲಿ ಹಾರ್ನು, ಒಂದು ಉದ್ದ ಎರಡು ಗಿಡ್ಡ, ಅದು ವಿಕಾಸ್, ಶಿರ್ವದ ಬಸ್ಸು ಬಿಡುವವನು, ಈ ಕಟ್ಟಡ ದಾಟುವಾಗೆಲ್ಲ ತನ್ನ ಹಳೆಯ ಕೋಚ್‌ಗೆ ಹೀಗೆ ನಮಸ್ಕಾರ ಹೊಡೆಯುತ್ತಾನೆ, ಬೇರೆ ಯಾರಾದರೂ ಆಗಿದ್ದರೆ ಕಲ್ಲು ಹೊಡೆಯುತ್ತಿದ್ದರು. ಮೂರೇ ಪಂದ್ಯ ಆಡಿದ್ದ ಹುಡುಗನನ್ನು ಇಪ್ಪತ್ತು ಪಂದ್ಯದ ಪೈಲ್ವಾನನ ಎದುರು ನಿಲ್ಲಿಸಿದವನು ಇದೇ ಜೋಕಿಮ್, ಒಳ್ಳೆಯ ಅವಕಾಶ, ಬಿಡಬಾರದು, ಎಂದು, ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ, ಮೊದಲ ರೌಂಡಿನಲ್ಲೇ ಮೂಗು ಮುರಿಯಿತು, ಆಸ್ಪತ್ರೆಯಲ್ಲಿ ಹತ್ತಿ ತುರುಕಿಕೊಂಡ ಮೂಗಿನಲ್ಲೇ ಹುಡುಗ ನಕ್ಕ, ಎಂತದೂ ಆಗಿಲ್ಲ ಸರ್, ಆಮೇಲೆ ಮತ್ತೆಂದೂ ಈ ಮೆಟ್ಟಿಲು ಹತ್ತಲಿಲ್ಲ. ಶಾರ್ಲೆಟ್‌ಗೆ ಹನ್ನೊಂದು ಪಂದ್ಯ ಆಗಿದೆ, ಮೋಕ್ಷಾಳಿಗೆ ಆರು. ಹಾಗಾದರೆ ಕಾಯುವುದೇ ನ್ಯಾಯ, ಯಾರನ್ನು ಕೇಳಿದರೂ ಹಾಗೆಯೇ ಹೇಳಿಯಾರು, ಫೋನು ಬಂದ ಕೂಡಲೇ ಏಪ್ರಿಲಿಗೆ ಇಡು ಎಂದರೆ ಮುಗಿಯಿತು, ಮನೆಗೆ ಹೋಗಿ ಚಹಾ ಕುಡಿಯಬಹುದು.

ಎಂಬತ್ತೆಂಟನೇ ಇಸವಿಯಲ್ಲಿ ಯಾರೂ ಆತುರ ಮಾಡಲಿಲ್ಲ, ಇಡೀ ಕರಾವಳಿಯೇ ಪಂಚಾಂಗ ಹಿಡಿದು ಕುಳಿತಿತ್ತು. ಕಾಪುವಿನ ಜೋಕಿಮ್‌ಗೆ ಇಪ್ಪತ್ತೆರಡು, ಕಾರ್ಕಳದ ಮುದ್ದಣ್ಣನಿಗೆ ಇಪ್ಪತ್ತಮೂರು, ಇಬ್ಬರೂ ಸೋಲು ಕಂಡವರಲ್ಲ, ಇಬ್ಬರೂ ಅರುವತ್ತು ಕಿಲೋ, ಜನ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಪಂದ್ಯಕ್ಕೆ ಮೊದಲು ಗೊತ್ತುಪಡಿಸಿದ್ದು ಮಾರ್ಚಿನ ಒಂದು ದಿನ, ಅದು ತಪಸ್ಸುಕಾಲ, ಈಸ್ಟರಿಗೆ ಮೊದಲಿನ ನಲವತ್ತು ದಿನ, ಮಾಂಸ ಬಿಟ್ಟ ಮನೆಯ ಮಗ ಇನ್ನೊಬ್ಬರ ಮಗನ ಮುಖಕ್ಕೆ ಗುದ್ದುವುದೇ, ಮಾಂಯ್ ಜಪಮಾಲೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು, ಹೆತ್ತ ತಾಯಿಯನ್ನು ದಾಟಿ ಹೋಗಲಾಗುತ್ತದೆಯೇ. ಏಪ್ರಿಲಿಗೆ ಸರಿಸಿದರೆ ಅತ್ತ ಮುದ್ದಣ್ಣನ ಅಪ್ಪ, ಕೋಳಿ ಅಂಕದಲ್ಲಿ ಹೆಸರು ಮಾಡಿದವರು, ಸೊಂಟದಲ್ಲಿ ಸದಾ ಕುಕ್ಕುಟ ಪಂಚಾಂಗ, ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಜಯ ಎಂದು ಹೇಳುವ ಪುಸ್ತಕ, ಅದರ ಮೇಲೆ ಬೆರಳು ಓಡಿಸಿ, ನಮ್ಮವ ಕೆಂಪು ಹುಂಜ, ಕಾಪುವಿನವ ಕಪ್ಪು ಹುಂಜ, ಅವತ್ತು ಕಪ್ಪಿಗೆ ಜಯ ಉಂಟು, ಅವತ್ತು ಬೇಡ, ಎಂದರು, ಇದು ಮನುಷ್ಯರ ಪಂದ್ಯ ಮಾರಾಯರೇ ಎಂದು ಯಾರೋ ಹೇಳಿದ್ದಕ್ಕೆ, ಹೌದು, ಕಾಲಿಗೆ ಕತ್ತಿ ಕಟ್ಟುವುದಿಲ್ಲ, ಅಷ್ಟೇ ವ್ಯತ್ಯಾಸ, ಎಂದರಂತೆ. ಅಷ್ಟರಲ್ಲಿ ಮೇ ಕೊನೆ, ಪತ್ತನಾಜೆ, ಕೋಲ ಅಂಕ ಯಕ್ಷಗಾನ ಎಲ್ಲ ಗೆಜ್ಜೆ ಬಿಚ್ಚಿ ಒಳಗೆ ಸೇರುವ ದಿನ, ಅದರ ಹಿಂದೆಯೇ ಮಳೆ, ರಿಂಗಿನ ಮೇಲೆ ಸೂರಿಲ್ಲ, ಮಳೆಯ ನಡುವೆ ಆಟಿ, ಆಟಿ ತಿಂಗಳಲ್ಲಿ ಒಳ್ಳೆಯ ಕೆಲಸಕ್ಕೆ ಯಾರಾದರೂ ಕೈ ಹಾಕುತ್ತಾರಾ, ಸೆಪ್ಟೆಂಬರಿಗೆ ಮೊಂತಿ ಹಬ್ಬ, ಹೊಸ ತೆನೆ ಮನೆಗೆ ಬರುವ ಹೊತ್ತು, ಮತ್ತೆ ಬಾಗಿಲಲ್ಲಿ ಮಾಂಯ್. ಕ್ರೈಸ್ತರಿಗೆ ಆಗುವ ದಿನ ತುಳುವರಿಗೆ ಆಗದು, ತುಳುವರಿಗೆ ಆಗುವ ದಿನ ಮಾಂಯ್‌ಗೆ ಆಗದು, ಪೋಸ್ಟರು ಮಾತ್ರ ಏಪ್ರಿಲಿನಲ್ಲೇ ಅಚ್ಚಾಗಿತ್ತು, ಇಬ್ಬರ ಫೋಟೋ ಎದುರೆದುರು, ದಿನಾಂಕದ ಜಾಗ ಖಾಲಿ, ಗೊತ್ತಾದ ಮೇಲೆ ಕೈಯಲ್ಲಿ ಬರೆದರಾಯಿತು ಎಂದು.

ಆ ವರ್ಷದಂಥ ವರ್ಷ ಮತ್ತೆ ಬರಲಿಲ್ಲ, ಅದನ್ನೂ ಹೇಳಬೇಕು. ಪೆರ್ಡೂರಿನಿಂದ ಕಾಪುವಿನವರೆಗೆ ಕ್ಷೌರದಂಗಡಿಗಳಲ್ಲೆಲ್ಲ ಆ ಖಾಲಿ ಪೋಸ್ಟರು, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಬಿಟ್ಟು ಕ್ಷೌರಿಕ ರಸ್ತೆಗೆ ಬರುತ್ತಿದ್ದ, ಯಾವಾಗ ಜೋಕಿಮಣ್ಣ, ಮೀನಿನ ಬುಟ್ಟಿ ಹೊತ್ತ ಅಕ್ಕು ಬಸ್‌ಸ್ಟ್ಯಾಂಡಿನಲ್ಲಿ ತೋಳು ಹಿಡಿದು ನೋಡುತ್ತಿದ್ದಳು, ಬಂಗುಡೆ ತಿನ್ನು ಮಗಾ, ಕಾರ್ಕಳದವನ ಎಡಗೈ ದೊಡ್ಡದುಂಟಂತೆ, ಬೆಳಿಗ್ಗೆ ದೀಪಸ್ತಂಭದಿಂದ ಮರಳಿನಲ್ಲಿ ಓಡಿದರೆ ದೋಣಿ ಎಳೆಯುವವರು ಕೂಗು ಹಾಕುತ್ತಿದ್ದರು, ಗುದ್ದದೆಯೇ ಗೆದ್ದವನ ಹಾಗೆ ಮೈ ಹಗುರ. ನೌಕಾಪಡೆಯಿಂದ ನಿವೃತ್ತರಾಗಿ ಬಾಕ್ಸಿಂಗ್ ಕಲಿಸುತ್ತಿದ್ದ ಅಲೆಕ್ಸ್ ಮಾಸ್ಟರು ಹೇಳುತ್ತಿದ್ದರು, ಹಣ್ಣಾಗಲಿ ಮಾರಾಯ, ಎಳೆ ಹಲಸು ಕೊಯ್ದರೆ ಕೈಗೆ ಮೇಣ ಮಾತ್ರ. ಸತ್ಯವೇ, ಆದರೆ ಮರದಲ್ಲೇ ಕೊಳೆಯುವ ಹಲಸೂ ಉಂಟಲ್ಲ ಮಾಸ್ಟರೇ, ಅದನ್ನು ನೀವು ಹೇಳಲಿಲ್ಲ, ನವೆಂಬರಿನಲ್ಲಿ ಮುದ್ದಣ್ಣನಿಗೆ ಗಲ್ಫಿನ ದಮ್ಮಾಮಿಗೆ ವೀಸಾ ಬಂತು. ಪೋಸ್ಟರುಗಳ ಮೇಲೆ ಹೊಸ ಪೋಸ್ಟರು ಬಿತ್ತು, ಕ್ಷೌರಿಕನೂ ಕೇಳುವುದು ಬಿಟ್ಟ.

ಹೊರಡುವ ಮುಂಚಿನ ದಿನ ಮುದ್ದಣ್ಣ ಬಂದಿದ್ದ, ಎರಡು ಬಸ್ಸು ಹಿಡಿದು, ಮಧ್ಯಾಹ್ನ ಮೂರರ ಬಿಸಿಲಿಗೆ, ಹೆಗಲಿನಲ್ಲಿ ಎರಡು ಜೊತೆ ಗ್ಲೌಸು, ಸಮುದ್ರದ ಹತ್ತಿರ ಕರೆದುಕೊಂಡು ಹೋಗು ಎಂದ. ದೀಪಸ್ತಂಭದ ಆಚೆ ಯಾರೂ ಇಲ್ಲದ ಮರಳು, ಬೂಟು ಬಿಚ್ಚಿದ, ಶರ್ಟು ಬಿಚ್ಚಿದ, ಎಡಗೈಯ ಗ್ಲೌಸಿನ ಲೇಸು ಬಲಗೈಯಿಂದಲೂ ಹಲ್ಲಿನಿಂದಲೂ ತಾನೇ ಕಟ್ಟಿಕೊಂಡ, ಆಮೇಲೆ ಬಲಗೈ ತೂರಿಸಿದ, ಅದನ್ನು ಕಟ್ಟಿಕೊಳ್ಳಲು ಅವನಿಗೆ ಕೈಯಿಲ್ಲ, ಆ ಕಾಲದ ಗ್ಲೌಸಿಗೆ ಈಗಿನ ಹಾಗೆ ಅಂಟುವ ಪಟ್ಟಿ ಎಲ್ಲಿತ್ತು, ಆ ಕೈಯನ್ನು ಜೋಕಿಮ್‌ನ ಎದುರು ಚಾಚಿದ. ಕಟ್ಟು ಮಾರಾಯ, ಮೂರು ರೌಂಡು, ಯಾರಿಗೂ ಹೇಳುವುದು ಬೇಡ, ನಮಗೆ ಗೊತ್ತಾದರೆ ಸಾಕು. ಜೋಕಿಮ್ ಏನೆಂದ — ಎಂತ ಅರ್ಜೆಂಟು ಮಾರಾಯ, ಎರಡು ವರ್ಷದಲ್ಲಿ ಬರುತ್ತೀಯಲ್ಲ, ಆಗ ಇಡೀ ಜಿಲ್ಲೆ ನೋಡಲಿ. ಚಾಚಿದ ಕೈ ಹಾಗೆಯೇ ಇತ್ತು, ಎರಡು ಬಿಳಿ ಲೇಸು ಗಾಳಿಗೆ ಹಾರುತ್ತಿದ್ದವು. ಮುದ್ದಣ್ಣ ಎರಡಲ್ಲ, ಐದು ವರ್ಷ ಬಿಟ್ಟು ಬಂದ, ಎಂಬತ್ತೈದು ಕಿಲೋ, ಸಕ್ಕರೆ ಕಾಯಿಲೆ, ಉಡುಪಿಯಲ್ಲಿ ಇಬ್ಬರೂ ಬನ್ಸ್ ತಿಂದರು, ನೀನೇ ಗೆಲ್ಲುತ್ತಿದ್ದೆ ಬಿಡು ಎಂದು ಅವನು ನಕ್ಕ, ಈಗ ಕಾರ್ಕಳದಲ್ಲಿ ಪೈಂಟಿನ ಅಂಗಡಿ, ದಿನಾ ಬೆಳಿಗ್ಗೆ ಮೊಬೈಲಿಗೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾನೆ, ಒಳ್ಳೆಯ ಮನುಷ್ಯ. ಅವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ, ಇಗರ್ಜಿಯಲ್ಲಿ ಪಾದ್ರಿಗಳ ಕಿವಿಗೂ ಹೇಳದ ಪಾಪ, ಆ ಫೆಬ್ರವರಿಯಲ್ಲಿ ಉಡುಪಿಯ ಪಂದ್ಯಕ್ಕೆ ಜೋಕಿಮ್ ಕದ್ದು ಹೋಗಿದ್ದ, ಮುದ್ದಣ್ಣನ ಎಡಗೈ ಎಲ್ಲಿಂದ ಬಂತೆಂದು ಕಾಣಲೇ ಇಲ್ಲ, ಎದುರಿನವನು ಅಡಿಕೆ ಚೀಲದ ಹಾಗೆ ಬಿದ್ದ, ಮನೆಗೆ ಬಂದವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ತಾನಾಗಿಯೇ ಹೇಳಿದ, ಮಾಂಯ್, ತಪಸ್ಸುಕಾಲದಲ್ಲಿ ಗುದ್ದಾಡುವುದು ಪಾಪ ಅಲ್ವಾ. ಮಾಂಸ ಬಿಡಬೇಕಾದ ಶುಕ್ರವಾರವೂ ಹೋಟೆಲಿನಲ್ಲಿ ಅದನ್ನೇ ತಿನ್ನುತ್ತಿದ್ದವನು. ಪಾಪ ಮಾಂಯ್, ಮಗನಿಗೆ ಭಕ್ತಿ ಬಂತೆಂದು ಕಣ್ಣು ಒರೆಸಿಕೊಂಡಳು, ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬವನ್ನೂ ಅವಳಿಗೆ ಅವನೇ ನೆನಪು ಮಾಡಿದ್ದು. ಎಲ್ಲರೂ ಅವನನ್ನು ತಾಳ್ಮೆಯವನು ಎಂದರು, ಮೂವತ್ತು ಚಿಲ್ಲರೆ ವರ್ಷ ಅವನೂ ಅದನ್ನೇ ನಂಬಿದ, ಹೆದರಿಕೆಗೆ ಹಣ್ಣಾಗಲಿ ಎಂದು ಹೆಸರಿಟ್ಟು ಸಾಕಿದ.

ಹಗ್ಗದ ಸದ್ದು ನಿಂತಿದೆ. ಕಣ್ಣು ಬಿಟ್ಟರೆ ಮೋಕ್ಷಾ ಎದುರಿಗೇ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದೆ, ಸರ್, ಒಂದು ಕೇಳಲಾ, ನಾನು ಸೋಲುತ್ತೇನೆ ಅಂತ ನಿಮಗೆ ಹೆದರಿಕೆಯಾ. ಸೋಲಬಹುದು, ಅವಳಿಗೆ ಹನ್ನೊಂದು ಪಂದ್ಯ ಆಗಿದೆ ಎಂದ ಜೋಕಿಮ್, ನನಗೂ ಗೊತ್ತುಂಟು ಸರ್, ಎಂದಳು, ಅಷ್ಟು ಸಲೀಸಾಗಿ, ಮೊದಲ ರೌಂಡು ಕೈ ಮೇಲಿಟ್ಟು ಸುತ್ತುತ್ತೇನೆ, ನೀವು ಹೇಳಿದ ಹಾಗೆ, ಟವೆಲ್ ನಿಮ್ಮ ಕೈಯಲ್ಲೇ ಇರುತ್ತದಲ್ಲ, ಮೂಗಿಗೆ ಬಿದ್ದರೆ ಎಸೆದು ಪಂದ್ಯ ನಿಲ್ಲಿಸಿ. ವಿಕಾಸ್‌ನ ಕಥೆ ಅವಳಿಗೂ ಗೊತ್ತು, ಶಿರ್ವದ ಕಾಲೇಜಿಗೆ ಅದೇ ಬಸ್ಸಿನಲ್ಲಿ ಹೋಗುತ್ತಾಳೆ. ಅವನು ಎದುರಾಳಿ ಯಾರು, ಎಂತ ಎಂದು ಒಂದು ಮಾತು ಕೇಳಿರಲಿಲ್ಲ, ಜೋಕಿಮ್ ಹೇಳಿಯೂ ಇರಲಿಲ್ಲ, ಇವಳು ಆರು ತಿಂಗಳಿನಿಂದ ಶಾರ್ಲೆಟ್‌ನ ವಿಡಿಯೋ ನೋಡಿ ನೋಡಿ ಅವಳ ಹೆಜ್ಜೆ ಬಾಯಿಪಾಠ ಮಾಡಿದ್ದಾಳೆ. ಮೇಜಿನ ಮೇಲೆ ಫೋನು ನಡುಗತೊಡಗಿತು, ಅಕ್ಷಿತ್, ಹಲೋ ಸರ್, ಹಾಗಾದರೆ ಏಪ್ರಿಲ್ ಅಂತ ಇಡುವನಾ, ಪೋಸ್ಟರಿಗೆ ಕೊಡಬೇಕು. ಎಂತ ಅರ್ಜೆಂಟು, ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು, ಬಂದದ್ದನ್ನು ನುಂಗಿದ, ಇಪ್ಪತ್ತನೇ ತಾರೀಕು, ಅಚ್ಚು ಹಾಕಿಸು, ಎಂದ. ಆ ಕಡೆ ಅಕ್ಷಿತ್ ಏನೋ ಹೇಳುತ್ತಿದ್ದ, ಯೋಚನೆ ಮಾಡಿ ಸರ್, ಇಷ್ಟು ಬೇಗ, ಈ ಕಡೆ ಮೋಕ್ಷಾ ಗ್ಲೌಸು ಏರಿಸಿ ಪಟ್ಟಿ ಎಳೆದು ಅಂಟಿಸಿಕೊಂಡು ಚೀಲಕ್ಕೆ ಗುದ್ದತೊಡಗಿದ್ದಳು, ಅವಳಿಗೆ ಯಾರ ಕೈಯೂ ಬೇಕಾಗಿಲ್ಲ, ಜೋಕಿಮ್ ಫೋನನ್ನು ಕಿವಿಗೆ ಹಿಡಿದೇ ಇದ್ದ, ಕೇಳಿಸುತ್ತಿರಲಿಲ್ಲ, ಬಿಸಿಲು, ಮರಳು, ಮೂರು ಗಂಟೆ, ಮುದ್ದಣ್ಣ ಕೈ ಇಳಿಸಿಲ್ಲ, ಕಟ್ಟು ಮಾರಾಯ, ಎರಡು ಬಿಳಿ ಲೇಸು, ಚಾಚಿದ ಕೈ, ಕಟ್ಟು ಮಾರಾಯ —