ಪಡಸಾಲೆಯ ಕೆಳಗೆ

"ನಮ್ಮನ್ಯಾಗ ಟೀವಿ ಅದರಿ. ಅದರಾಗ ಕಾಣೂದಿಲ್ಲೇನ್ರಿ?" ಎಂದು ಹುಡುಗಿಯ ಅಪ್ಪ ಕಲ್ಯಾಣಪ್ಪ ಕೇಳಿದಾಗ, ಕನ್ಯೆ ನೋಡಲು ಅವ್ವ ಮತ್ತು ಹಿರಿಯರ ಜೊತೆ ಭೂಸನೂರಿಗೆ ಬಂದು ಕೂತಿದ್ದ ಅಮೃತನಿಗೆ ಬಾಯಲ್ಲಿದ್ದ ಮಂಡಕ್ಕಿ ಸೂಸಲ ಗಂಟಲಿಗೆ ಸಿಕ್ಕಿತು.

ತಪ್ಪು ಅವನದಲ್ಲ, ಅವನವ್ವ ಕಸ್ತೂರಿಬಾಯಿಯದು. ಅಮೃತನಿಗೆ ದೂರದ ಗಣಿಯೊಂದರಲ್ಲಿ ಕೆಲಸ. ಅಲ್ಲಿಗೆ ಹೋದ ವರ್ಷ ರೇಡಾರ್ ಯಂತ್ರ ಬಂದಿತ್ತು. ಸುರಂಗದ ಗೋಡೆಗೆ ಒಂದು ಡಬ್ಬಿ ಒತ್ತಿ ಹಿಡಿದು ಎಳೆಯುತ್ತ ಹೋಗುವುದು ಅವನ ಪಾಲಿನ ಕೆಲಸ. ಡಬ್ಬಿಯಿಂದ ಹೊರಟ ಅಲೆಗಳು ಕಲ್ಲೊಳಗೆ ಹೊಕ್ಕು, ತಿರುಗಿ ಬಂದು, ಪರದೆಯ ಮೇಲೆ ಗೆರೆಗಳಾಗುತ್ತಿದ್ದವು. ಎಲ್ಲಿ ಬಿರುಕಿದೆ, ಎಲ್ಲಿ ಪೊಳ್ಳಿದೆ, ಎಲ್ಲಿ ನೀರು ನಿಂತಿದೆ ಎಂದು ಓದುವವರು ಸಾಹೇಬರು. ಅಮೃತನಿಗೆ ಆ ಗೆರೆಗಳಲ್ಲಿ ಒಂದೂ ತಿಳಿಯದು. ಆದರೆ ಕಸ್ತೂರಿಬಾಯಿ ತಮ್ಮೂರು ಹಿರೋಳ್ಳಿಯಿಂದ ಆಳಂದದ ಬಸ್ ಸ್ಟ್ಯಾಂಡಿನ ತನಕ ಸಿಕ್ಕಸಿಕ್ಕವರಿಗೆ, "ನಮ್ಮ ಅಮೃತಗ ಭೂಮಿಯೊಳಗಿಂದು ಕಾಣ್ತದ" ಎಂದು ಡಂಗುರ ಹೊಡೆದಿದ್ದಳು. ಕಿಲ್ಲಾರಿಯ ಭೂಕಂಪವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಲ ಕೆಳಗಿನ ನೆಲವನ್ನೇ ನಂಬದಂತಾಗಿದ್ದ ದಿನಗಳಲ್ಲಿ ಇಂಥ ಅಳಿಯ ಯಾರಿಗೆ ಬೇಡ?

"ಟೀವಿ ನಡಿಯೂದಿಲ್ರಿ ಕಾಕಾ. ಯಂತ್ರ ಗಣಿಯವರದು. ನಾ ಬರೇ ಡಬ್ಬಿ ಎಳೀತೇನಿ."

"ಅದಿಲ್ದ ನಮ್ಮ ಪಡಸಾಲಿ ಕೆಳಗಿಂದು ಏನೂ ತಿಳಿಯೂದಿಲ್ಲೇನು?"

"ತಿಳೀತದ್ರಿ, ಯಾಕ ತಿಳಿಯೂದಿಲ್ಲ," ಎಂದಳು ಕಸ್ತೂರಿಬಾಯಿ. ಆ ಹೆಂಗಸಿನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

ಯಂತ್ರ ಬರುವ ಮೊದಲು ಗಣಿಯಲ್ಲಿ ಹಾರೆಯಿಂದ ಬಡಿದೇ ನೋಡುತ್ತಿದ್ದರು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಪೊಳ್ಳು ಢಬ್ ಎನ್ನುತ್ತದೆ. ನಾಲ್ಕು ಕಡೆ ಬಡಿದು ಎಲ್ಲ ಪಕ್ಕಾ ಇದೆ ಎಂದರಾಯಿತು ಎಂದುಕೊಂಡು ಅಮೃತ ಹಾರೆ ತರಿಸಿದ. ಅವನಿಗೆ ಈ ಸಂಬಂಧ ಬೇಕೇ ಬೇಕಾಗಿತ್ತು. ಕಾಲಿಗೆ ನೀರು ಕೊಡುವಾಗ ಕನ್ಯೆ ಸುಭದ್ರಾ ಮೆಲ್ಲಗೆ, "ಗಣಿಯಾಗ ಅಂಜಿಕಿ ಬರೂದಿಲ್ಲೇನ್ರಿ?" ಎಂದು ಕೇಳಿದ್ದಳು. "ಬರ್ತದ," ಎಂದಿದ್ದ. ಅವಳು ನಕ್ಕಿದ್ದಳು. ಅಷ್ಟಕ್ಕೇ ಹುಡುಗ ಚಿತ್ತಾಗಿದ್ದ.

ಕಲ್ಯಾಣಪ್ಪ ಫರಸಿಕಲ್ಲು ಹಾಸಿ ಕಟ್ಟಿಸಿದ ಹೊಸ ಪಡಸಾಲೆ ಅದು. "ಭೂಕಂಪಕ್ಕೂ ಜರಾ ಅಳ್ಳಾಡಿಲ್ರಿ," ಎನ್ನುತ್ತ ಅವನು ಪ್ರತಿ ಠಣ್ಣಿಗೂ ತಲೆದೂಗಿದ. ಬಡಿಯುತ್ತ ಬಡಿಯುತ್ತ ಅಮೃತ ನಡುಮಧ್ಯಕ್ಕೆ, ಅವ್ವ ಕೂತಿದ್ದ ಜಾಗಕ್ಕೆ ಬಂದ.

ಢಬ್.

ಇನ್ನೊಮ್ಮೆ ಮೆತ್ತಗೆ ಬಡಿದ. ಢಬ್. ಕಸ್ತೂರಿಬಾಯಿ ಕಣ್ಣಲ್ಲೇ ಅವನನ್ನು ಗದರಿಸಿದಳು. ಅಮೃತ ಬಡಿಯುವುದು ನಿಲ್ಲಿಸಿದ. ನಿಜ ಹೇಳಿದರೆ ಕನ್ಯೆ ಕೈತಪ್ಪುತ್ತದೆ. ಹೇಳದಿದ್ದರೆ ಇವರೆಲ್ಲ ದಿನಾ ಇದರ ಮೇಲೆಯೇ ಓಡಾಡುವವರು, ಅವಳೂ ಸೇರಿ.

"ಇಲ್ಲಿ ಪೊಳ್ಳದ್ರಿ ಕಾಕಾ. ಎಲ್ಲಾರೂ ಗ್ವಾಡಿ ಹಿಡಕೊಂಡು ಹೊರಗ ನಡೀರಿ."

ಕಲ್ಯಾಣಪ್ಪನ ಮುಖ ಕೆಂಪಾಯಿತು. "ಕನ್ಯಾ ನೋಡಾಕ ಬಂದೀಯೋ, ಮನಿ ಕೆಡವಾಕ ಬಂದೀಯೋ?"

"ಡಬ್ಬಿ ಇಲ್ದ ಅಂವಗ ಬರೋಬ್ಬರಿ ತಿಳಿಯೂದಿಲ್ಲ ಬಿಡ್ರಿ," ಎಂದು ಕಸ್ತೂರಿಬಾಯಿ ಅಲ್ಲೇ ಮಾತು ತಿರುವಿದಳು.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಕಲ್ಯಾಣಪ್ಪನ ತಾಯಿ ನಿಂಬೆವ್ವ ತಲೆಯೆತ್ತಿದಳು. "ಹುಡುಗ ಖರೇ ಹೇಳಾಕತ್ಯಾನ. ಅಲ್ಲಿ ನಮ್ಮ ಹಗೇವು ಅದ. ರಜಾಕಾರರ ಗದ್ದಲದಾಗ ನಿಮ್ಮಪ್ಪ ಅದರಾಗ ಜ್ವಾಳಾ ತುಂಬಿ ಬಾಯಿ ಮುಚ್ಚಿದ್ದ. ಯಾರಿಗೂ ಹೇಳಬಾರ್ದಂತ ನನ್ನ ಕಡೆ ಆಣಿ ಮಾಡಿಸಿದ್ದ."

ನೆಲದೊಳಗೆ ಆಳು ಮುಳುಗುವಷ್ಟು ತೋಡಿ ಧಾನ್ಯ ಕೂಡಿಡುತ್ತಿದ್ದ ಆ ಕುಣಿಯ ಮೇಲೆ ಕಲ್ಯಾಣಪ್ಪ ಪಡಸಾಲೆ ಕಟ್ಟಿ, ಊರಿಗೆಲ್ಲ ಊಟ ಹಾಕಿದ್ದ.

"ನಾ ಕಟ್ಟಸೂ ಮುಂದರ ಹೇಳಬಾರ್ದೇನಬೇ?"

"ಆಣಿ ಅಂದ್ರ ಆಣಿ. ಈಗೂ ಮೊದಲ ನಾ ಹೇಳಿಲ್ಲ, ಹುಡುಗ ಹೇಳ್ಯಾನ. ನಾ ಮೂಲಿ ಬಿಟ್ಟು ನಡುವ ಕುಂತಿದ್ದು ಎಂದರ ನೋಡೀಯೇನು?"

ಆದರೂ ಕಲ್ಯಾಣಪ್ಪನಿಗೆ ಬೀಗರ ಮುಂದೆ ತನ್ನ ಪಡಸಾಲೆಯಿಂದ ತಾನೇ ಓಡುವುದೆಂದರೆ ಇಜ್ಜತ್ತಿನ ಮಾತು. "ಹಳೀ ಕುಣಿ, ಮಣ್ಣು ತುಂಬಿರ್ತದ. ಯಾರೂ ಏಳಬ್ಯಾಡ್ರಿ," ಎಂದು ಒಳಗೆ ಕೂಗಿದ, "ಸುಭದ್ರಾ, ಚಾ ತಾ."

ಸುಭದ್ರಾ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. ಅಪ್ಪನನ್ನು ನೋಡಿದಳು. ಹಾರೆ ಹಿಡಿದು, ಕೆಟ್ಟ ಸುದ್ದಿ ಹೇಳಿದ ಮೇಲೆ ಎಲ್ಲಿ ನಿಲ್ಲಬೇಕೋ ತಿಳಿಯದೆ ನಿಂತಿದ್ದ ಅಮೃತನನ್ನು ನೋಡಿದಳು. ಹೊಸ್ತಿಲು ದಾಟದೆ ಹಾಗೇ ತಿರುಗಿ ಹೋದಳು. ಸಂಬಂಧ ಮುರಿಯಿತು ಎಂದುಕೊಂಡ ಅಮೃತ ಹಾರೆಯನ್ನು ಗೋಡೆಗೆ ಆನಿಸಿದ.

ಆಗ ಹೊರಗಿನಿಂದ, ಬೇವಿನ ಗಿಡದ ಕೆಳಗಿನಿಂದ, ಹಿತ್ತಲ ಬಾಗಿಲಿಂದ ಬಳಸಿ ಬಂದಿದ್ದ ಅವಳ ದನಿ ಬಂತು. "ಯಪ್ಪಾ, ಚಾ ಇಲ್ಲಿಟ್ಟೇನಿ. ಆರಾಕತ್ತದ, ಎಲ್ಲಾರೂ ಬರ್ರಿ."

ಮೊದಲು ಎದ್ದವಳು ಕಸ್ತೂರಿಬಾಯಿ. ಉಳಿದವರು ಅವಳ ಹಿಂದೆ ಗೋಡೆಗೆ ಆತುಕೊಂಡು ಸಾಲಾಗಿ ಹೊರಟರು. ಕಲ್ಯಾಣಪ್ಪ ಒಬ್ಬನೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಎರಡೂ ಕೈಯಲ್ಲಿ ಗೋಡೆ ಹಿಡಿದು ತುದಿಗಾಲಲ್ಲಿ ಬಂದ.

ಅವಸರದಲ್ಲಿ ಸುಭದ್ರಾ ಕಪ್ಪಿನ ಕೆಳಗಿಡುವ ಬಸಿಗಳನ್ನು ಒಳಗೇ ಬಿಟ್ಟುಬಂದಿದ್ದಳು. ಬಿಸಿ ಕಪ್ಪು ಹಿಡಿಯಲಾರದೆ ಬೀಗರು ಧೋತರದ ಚುಂಗು ಹುಡುಕುತ್ತಿದ್ದರು. ಒಂದೇ ಒಂದು ಕಪ್ಪಿಗೆ ಬಸಿ ಇತ್ತು. ಅದನ್ನು ಅವಳು ಅಮೃತನ ಮುಂದೆ ಹಿಡಿದಳು.