ಟೊಪ್ಪಿಗೆಯೊಳಗಿನ ಹೊಲ

“ಏ ಘಾಟೀ ರಂಡೇ, ಟೋಪಿ ಘಾಲ್. ತಲಿ ಕಂಪನೀದು, ಮ್ಯಾಲಿನ ಕೂದಲಾ ಅಷ್ಟ ನಿಂದು.”

ಪರಬ್ ಸುಪರ್‌ವೈಸರನ ಬಾಯಿಂದ ಬೆಳಿಗ್ಗೆ ಮೊದಲು ಹೊರಬೀಳುವ ಮಂತ್ರ ಇದೇ. ಘಟ್ಟದ ಮೇಲಿಂದ ಬಂದವರೆಲ್ಲ ಅವನಿಗೆ ಘಾಟಿಗಳು. ಹುಲಿಗೆವ್ವ ತುಟಿ ಕಚ್ಚಿಕೊಂಡು, ಊಟದ ಗಂಟನ್ನು ಲಾರಿಯ ನೆರಳಿಗಿಟ್ಟು, ಹಳದಿ ಟೊಪ್ಪಿಗೆಯನ್ನು ತಲೆಗೇರಿಸಿದಳು.

ಡಿಚೋಲಿಯ ಆ ಗಣಿಗೆ ಟೊಪ್ಪಿಗೆಗಳು ಬಂದದ್ದು ತೊಂಬತ್ತಮೂರರ ಮಳೆಗಾಲ ಮುಗಿದ ಮೇಲೆ. ಒಳಗೊಂದು ಪುಟ್ಟ ಪೆಟ್ಟಿಗೆ, ಕಿವಿಗೆ ತಂತಿ, ಕಣ್ಣಿಗೆ ಗಾಜು. ಹಾಕಿಕೊಂಡರೆ ಕೆಂಪು ಅದಿರಿನ ಗುಡ್ಡ ಮಾಯವಾಗಿ ವಿಜಾಪುರದ ಎರೆಹೊಲ ಎದುರಿಗೆ ಬಂದು ನಿಲ್ಲುತ್ತಿತ್ತು. ಆಳೆತ್ತರದ ಬಿಳಿಜೋಳ, ತೆನೆ ತುಂಬ ಕಾಳು. ಕಿವಿಯಲ್ಲಿ ಅವರದೇ ಸೀಮೆಯ ದನಿ: ‘ಬಾಗು, ಕೊಯ್ಯಿ, ಹೊರು.’ ತೆನೆ ಕೊಯ್ಯುತ್ತಿದ್ದೇವೆಂದುಕೊಂಡು ಅವರು ಅದಿರಿನ ಕಲ್ಲು ಆರಿಸುತ್ತಿದ್ದರು. ನೀರಡಿಕೆ ತಿಳಿಯುತ್ತಿರಲಿಲ್ಲ, ಬೆರಳು ಹರಿದರೂ ತಿಳಿಯುತ್ತಿರಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾಣರು ಎಲ್ಲ ಕಾಲದಲ್ಲೂ ಇರುತ್ತಾರೆ. ಈ ಸಲ ಅವರು ಪಣಜಿಯ ಯಾವುದೋ ತಂಪು ಕೋಣೆಯಲ್ಲಿ ಕೂತಿದ್ದರು.

ಸಂಜೆ ಟೊಪ್ಪಿಗೆ ಇಳಿಸಿದಾಗ ಉಳಿದವರಿಗೆ ಇಡೀ ದಿನದ ಮೈನೋವು ಒಮ್ಮೆಲೇ ಬರುತ್ತಿತ್ತು. ಹುಲಿಗೆವ್ವನ ಗಂಡ ಅಮೀನಪ್ಪನಿಗೆ ಅದೂ ಬರುವುದು ನಿಂತುಹೋಗಿತ್ತು. ರೊಟ್ಟಿ ಮುಂದಿಟ್ಟರೂ ‘ಉಣ್ರಿ’ ಎನ್ನುವತನಕ ಕೈ ಹಚ್ಚುತ್ತಿರಲಿಲ್ಲ. ಊರ ಗೌಡ ‘ಲೇ’ ಎಂದನೆಂದು ಕುಡುಗೋಲು ಅವನ ಕಾಲ ಬಳಿ ಎಸೆದು, ಹೆಂಡತಿಯ ಕೈಹಿಡಿದು ಊರನ್ನೇ ಬಿಟ್ಟುಬಂದ ಗಂಡಸು ಅವನು.

ನಿನ್ನೆ ಸಂಜೆ ಪರಬ್ ಅವನ ಬೆನ್ನು ತಟ್ಟಿದ್ದ. “ಇಂವಾ ನೋಡ್ರಿ ಚಲೋ ಆಳು. ನಾಳಿಂದ ಇಂವ ಟೋಪಿ ತೆಗಿಯೂದೇ ಬ್ಯಾಡ. ಶೆಡ್ಡಿನ್ಯಾಗ ಮಲಗ್ಲಿ. ಏನಂತಿ ಲೇ ಅಮೀನ್ಯಾ?”

“ಆತ್ರಿ,” ಎಂದಿದ್ದ ಅಮೀನಪ್ಪ.

“ಏನ್ರಿ ಹಂಗಂದ್ರ? ನಾ ಎಲ್ಲಿ ಹೋಗ್ಲಿ?” ಎಂದು ಹುಲಿಗೆವ್ವ ಅವನ ತೋಳು ಹಿಡಿದಾಗ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನು ನೋಡುವ ಹಾಗೆ ಅವಳನ್ನು ನೋಡಿದ. ಸತ್ತಿದ್ದರೆ ಅತ್ತು ಮಣ್ಣು ಮಾಡಬಹುದಿತ್ತು. ಇವನು ಎದುರಿಗಿದ್ದೇ ಇಲ್ಲವಾಗುತ್ತಿದ್ದ.

ಇಂದು ಎಳ್ಳಮಾಸೆ. ಹಬ್ಬದ ರುಚಿಗಾದರೂ ಗಂಡನಿಗೆ ಮನೆ ನೆನಪಾದೀತೆಂದು ನಸುಕಿನಲ್ಲೇ ಎದ್ದು ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡಬು ಮಾಡಿ ಗಂಟು ಕಟ್ಟಿದ್ದಳು.

ಟೊಪ್ಪಿಗೆ ಗುಂಯ್‌ಗುಟ್ಟಿತು, ಹೊಲ ಬಂತು. ‘ಬಾಗು, ಕೊಯ್ಯಿ.’ ತೆನೆಗೆ ಕೈ ಹಾಕಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು. ಇದು ಸುಳ್ಳು ಹೊಲವೆಂಬುದನ್ನೇ ಪೂರಾ ಮರೆತಿದ್ದಳು, ಮರೆತದ್ದೇ ಒಳ್ಳೆಯದಾಯಿತು. ಎಳ್ಳಮಾಸೆಯ ದಿನ ಬಸುರಿ ಭೂಮಿತಾಯಿಗೆ ಉಣಿಸದೆ, ಹೊಲದ ಸುತ್ತ ಚರಗದ ತುತ್ತು ಚೆಲ್ಲದೆ, ತೆನೆ ಮುರಿದವರುಂಟೇ?

‘ಕೊಯ್ಯಿ,’ ಎಂದಿತು ಕಿವಿಯ ದನಿ.

“ತಡಿಯೋ ಹಾಟ್ಯಾ. ತಾಯಿ ಉಪಾಸ ಅದಾಳ.”

ಪೆಟ್ಟಿಗೆಗೆ ಜೋಳ ಗೊತ್ತಿತ್ತು, ಚರಗ ಗೊತ್ತಿರಲಿಲ್ಲ. ತಲೆಯೊಳಗೆ ಚುರುಚುರು ಸುಟ್ಟರೂ ಹುಲಿಗೆವ್ವನ ಕಾಲುಗಳು ಗಂಟಿನ ಕಡೆಗೇ ನಡೆದವು. ರೊಟ್ಟಿ ಮುರಿದು ಪಲ್ಯ ಕಲಸಿ, ಮುಷ್ಟಿ ತುಂಬ ಎತ್ತಿ ಚೆಲ್ಲಿದಳು.

“ಹುಲ್ಲುಲ್ಲಿಗೋ…”

ಒಬ್ಬರು ಚೆಲ್ಲಬೇಕು, ಹಿಂದಿನವರು ನೀರು ಹನಿಸುತ್ತ ಮರುಕೂಗು ಕೊಡಬೇಕು. ಗುಡ್ಡದ ತುಂಬ ಬಾಗಿದ್ದ ಹಳದಿ ತಲೆಗಳು ಗಕ್ಕನೆ ನಿಂತವು. ಮರುಕೂಗು ಬರಲಿಲ್ಲ.

ಬಂದವನು ಪರಬ್. “ಬೋಸಡಿ, ಕಂಪನಿ ಮಾಲಿನ ಮ್ಯಾಲ ಎಂಜಲಾ ಚೆಲ್ಲತಿ?” ಕಪಾಳಕ್ಕೆ ಬಿಟ್ಟ ಏಟಿಗೆ ಟೊಪ್ಪಿಗೆ ಉರುಳಿಹೋಯಿತು.

ಹೊಲ ಹೋಯಿತು. ಕೆಂಪು ಧೂಳು, ಕೆಂಪು ಕಲ್ಲು, ಕಲ್ಲಿನ ಮೇಲೆ ರೊಟ್ಟಿಯ ಚೂರು. ಹುಲಿಗೆವ್ವ ಕೆನ್ನೆ ಹಿಡಿದುಕೊಂಡು ನೋಡುತ್ತ ನಿಂತಳು. ಬಗೆದು ಬಗೆದು ಕರುಳು ಹೊರಗೆಳೆದ ಈ ನೆಲವೂ ಅದೇ ತಾಯಿ. ಇವಳಿಗೆ ಯಾರೂ ಎಂದೂ ಒಂದು ತುತ್ತು ಇಟ್ಟಿರಲಿಲ್ಲ. ಮೊದಲ ಮುಷ್ಟಿಯನ್ನು ಮರೆತು ಚೆಲ್ಲಿದ್ದಳು. ಎರಡನೆಯದನ್ನು ತಿಳಿದೇ ಚೆಲ್ಲಬೇಕೆಂದುಕೊಂಡಳು.

ಟೊಪ್ಪಿಗೆಯನ್ನು ಎತ್ತಿ ಅಂಗಾತ ತಿರುಗಿಸಿ, ಉಳಿದ ರೊಟ್ಟಿ, ಪಲ್ಯ, ಕಡಬನ್ನೆಲ್ಲ ಅದಕ್ಕೇ ಸುರುವಿ, ಬುಟ್ಟಿಯಂತೆ ಬಗಲಿಗಿಟ್ಟುಕೊಂಡು ಗಂಡನ ಮುಂದೆ ಹೋಗಿ ನಿಂತಳು. ಚೆಲ್ಲಿದ್ದರಲ್ಲಿ ಅರ್ಧ ಪರಬನ ಬೂಟಿನ ಮೇಲೆ ಬಿತ್ತು.

“ಹುಲ್ಲುಲ್ಲಿಗೋ…”

ಅಮೀನಪ್ಪನ ಗಂಟಲು ಅಲುಗಿತು. ತುಕ್ಕು ಹಿಡಿದ ಬಾಗಿಲು ತೆರೆದಂಥ ದನಿ ಬಂತು. “ಚೆಲ್ಲಂಬರಿಗೋ…”

ತನ್ನ ಕೈಯಿಂದಲೇ ಟೊಪ್ಪಿಗೆ ತೆಗೆದ. ಹೆಂಡತಿಯ ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳನ್ನು ನೋಡಿದ. “ಯಾರು ಹೊಡದ್ರ ಹುಲಿಗೆವ್ವಾ?” ಎಂದ. ಎಷ್ಟೋ ದಿನಗಳ ಮೇಲೆ ಅವನ ಬಾಯಲ್ಲಿ ಅವಳ ಹೆಸರು. ಅವಳಿಗೆ ಅಳು ಬಂತು, ಅತ್ತಳು.

“ಲೇ ಅಮೀನ್ಯಾ, ಟೋಪಿ ಹಾಕ್,” ಎಂದ ಪರಬ್.

ಅಮೀನಪ್ಪ ಲಾರಿಯ ಪಕ್ಕದ ನೀರಿನ ಡ್ರಮ್ಮಿನಲ್ಲಿ ಟೊಪ್ಪಿಗೆ ಅದ್ದಿ ತುಂಬಿಕೊಂಡು ಅವನೆದುರು ಬಂದ. “ಒಬ್ಬಾಂವ ಲೇ ಅಂದಿದ್ದಕ್ಕ ಊರ ಬಿಟ್ಟೀನಿ. ಈ ಸಲ ಬಿಡಾಂವ ನಾ ಅಲ್ಲ. ದಾರಿ ಬಿಡ.”

ಪರಬ್ ದಾರಿ ಬಿಟ್ಟು ಕ್ಯಾಬಿನ್ನಿನ ಫೋನಿಗೆ ಓಡಿದ.

ಹುಲಿಗೆವ್ವನ ಬಗಲಲ್ಲಿ ಟೊಪ್ಪಿಗೆ ಇನ್ನೂ ಗೊಣಗುತ್ತಿತ್ತು: ‘ಬಾಗು, ಕೊಯ್ಯಿ, ಹೊರು.’ “ಹಸದೈತಿ ಪಾಪ,” ಎಂದು ಅವಳು ದನಿ ಬರುವ ತೂತಿಗೆ ಒಂದು ಕಡಬು ಒತ್ತಿ ತುಂಬಿದಳು. ಕೆಳಗಿನ ರಸ್ತೆಯಲ್ಲಿ ಕಂಪನಿಯ ಜೀಪುಗಳ ಧೂಳೆದ್ದಿತು. ಗುಡ್ಡದ ಸುತ್ತು ಇನ್ನೂ ಬಹಳ ಉಳಿದಿತ್ತು. ಅವಳು ಮುಷ್ಟಿ ತುಂಬಿ ಎತ್ತಿ ಕೂಗಿದಳು. ಈ ಸಲ ಮರುಕೂಗು ಒಂದೇ ಗಂಟಲಿಂದ ಬರಲಿಲ್ಲ.